ಅಂಗಳದ ತುಂಬ ಪುರುಷರತ್ನ

ಸುಬ್ಬಣ್ಣ: ಕಳೆ ಕಣೇ ಇದು! ಗುದ್ದಲಿ ಬಿಡು ಅಂದ್ರೆ ಬಿಡ್ಬೇಕು.

ವನಮಾಲಾ: ಬಿಡಲ್ಲ. ಬೀಜ ಉದುರಿಸಿ ಬೆಳೆಸಿದ್ದು ನಾನು.

ನಾಗಮಂಗಲದ ಬಿಸಿಲು ನೆತ್ತಿಗೇರಿತ್ತು. ಕಚೇರಿ ಕೆಲಸದಿಂದ ನಿವೃತ್ತನಾದ ಸುಬ್ಬಣ್ಣ ಗುದ್ದಲಿಯ ಒಂದು ತುದಿಯಲ್ಲಿ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವ ಹೆಂಡತಿ ಇನ್ನೊಂದು ತುದಿಯಲ್ಲಿ. ಅಂಗಳದ ತುಂಬ ಗುಲಾಬಿ ಬಣ್ಣದ ಪುಟ್ಟ ಹೂವಿನ ಗಿಡ.

ಸುಬ್ಬಣ್ಣ: ಕೆ.ಆರ್.ಎಸ್.ನಲ್ಲಿ ಜುಬೇರ್ ಇಂಜಿನಿಯರ್ ಮನೆ ಮುಂದೆ ಲಾನು ನೋಡಿದ್ಯಾ? ರತ್ನಗಂಬಳಿ ಹಾಸಿದ ಹಾಗಿದೆ!

ವನಮಾಲಾ: ಅವರ ಮನೆ ಹಿಂದೆ ಅಣೆಕಟ್ಟಿದೆ. ನಮ್ಮನೆ ಹಿಂದೆ ಖಾಲಿ ಡ್ರಮ್ಮಿದೆ. ಇದು ನೀರು ಕೇಳಲ್ಲ, ನೆಲ ಮುಚ್ಚುತ್ತೆ. ಈ ಮಣ್ಣಿಂದೇ ವಯೊಲೆಟ್ಟು.

ಸುಬ್ಬಣ್ಣ: ವಯೊಲೆಟ್ಟಾ? ಗುಲಾಬಿ ಬಣ್ಣ ಇದೆಯಲ್ಲೇ!

ವನಮಾಲಾ: ಅದು ಕುಲದ ಹೆಸರು ರೀ. ನಿಮ್ಮ ಕಚೇರಿಯ ಶಾಂತಮೂರ್ತಿ ಸಾಹೇಬ್ರು ಯಾವತ್ತಾದ್ರೂ ಶಾಂತವಾಗಿದ್ರಾ?

ಪಕ್ಕದ ಮನೆಯ ದೇವಯ್ಯ ಕಾಂಪೌಂಡಿನ ಮೇಲಿಂದ ಇಣುಕಿದ.

ದೇವಯ್ಯ: ಕಿತ್ತಾಕಿ ಸುಬ್ಬಣ್ಣೋರೆ, ಆವು ಗೀವು ಸೇರ್ಕತ್ತವೆ. ಏನ್ ಗಿಡ ಟೀಚರಮ್ಮ ಅದು?

ವನಮಾಲಾ: ಪುರುಷರತ್ನ.

ದೇವಯ್ಯನ ಕತ್ತು ಇನ್ನಷ್ಟು ಉದ್ದವಾಯಿತು.

ದೇವಯ್ಯ: ಅಂದ್ರೆ... ಗಂಡಸ್ರಿಗೆ?

ವನಮಾಲಾ: ಶಕ್ತಿ ಬರುತ್ತೆ ಅಂತ ನಂಬೋರಿದ್ದಾರೆ. ನಾನು ಬೆಳೆಸಿರೋದು ನೆಲ ಮುಚ್ಚೋಕೆ.

ಸುಬ್ಬಣ್ಣನ ಕೈಯಿಂದ ಗುದ್ದಲಿ ತಾನಾಗಿ ಜಾರಿತು.

ಸುಬ್ಬಣ್ಣ: ಮೊದಲೇ ಹೇಳ್ಬಾರ್ದಾ! ಅಂದ್ರೆ... ಹೂವು ಚೆನ್ನಾಗಿದೆ ಅಂದೆ.

ದೇವಯ್ಯ: ನಂಗೊಂದೆಲ್ಡು ಸಸಿ ಕೊಡಿ. ನಂಗಲ್ಲ, ನಮ್ ಬಾಮೈದುಂಗೆ.

ಸುಬ್ಬಣ್ಣ: ಹಾವು ಸೇರ್ಕೊಳ್ಳುತ್ತೆ ಅಂದ್ರಲ್ಲ?

ದೇವಯ್ಯ: ಆವಿಗೂ ಒಂದು ನೆಲೆ ಬ್ಯಾಡ್ವಾ ಸ್ವಾಮಿ!

ಆ ವಾರವೆಲ್ಲ ಬೀದಿಯ ಗಂಡಸರು ತಂತಮ್ಮ ಬಾಮೈದನ ಹೆಸರಿನಲ್ಲಿ ಸಸಿ ಒಯ್ದರು. ವಾರ ಕಳೆದ ಮೇಲೆ ದೇವಯ್ಯನ ಹೆಂಡತಿ ಸಿದ್ದಲಿಂಗಮ್ಮ ಬಂದಳು.

ಸಿದ್ದಲಿಂಗಮ್ಮ: ಟೀಚರಮ್ಮ, ನಿಮ್ ಗಿಡ ಬೋ ಕೆಲ್ಸ ಮಾಡ್ತದೆ!

ವನಮಾಲಾ: ಅಯ್ಯೋ, ತಿಂದ್ಬಿಟ್ರಾ?

ಸಿದ್ದಲಿಂಗಮ್ಮ: ತಿನ್ನಕೆ ಅದು ಮೊದ್ಲು ಬದುಕ್ಬೇಕಲ್ಲ! ಒಂದ್ ಚೊಂಬು ನೀರು ಎತ್ಕೊಡ್ದೆ ಇದ್ದೋರು ಬೆಳಗಾನೆ ಎದ್ದು ಕೊಳಾಯಿಗೆ ಓಯ್ತಾವ್ರೆ, ಅಂಗಳ ಗುಡಿಸ್ತಾವ್ರೆ. ಬೀದಿ ಗಂಡಸ್ರೆಲ್ಲ ಕೊಡ ಇಡ್ಕಂಡು ಸಾಲಾಗಿ ನಿಂತವ್ರೆ!

ವನಮಾಲಾ: ಅಷ್ಟೊಂದು ನೀರು ಬೇಡ ಸಿದ್ದಲಿಂಗಮ್ಮ ಅದಕ್ಕೆ!

ಸಿದ್ದಲಿಂಗಮ್ಮ: ಅದೊಂದ್ ಮಾತ್ರ ಅವ್ರಿಗೆ ಯೋಳ್ಬ್ಯಾಡಿ!

ಅವಳು ಹತ್ತಿರ ಬಂದು ದನಿ ತಗ್ಗಿಸಿದಳು.

ಸಿದ್ದಲಿಂಗಮ್ಮ: ಪಾತ್ರೆ ತೊಳ್ಸೋ ಗಿಡ ಯಾವ್ದಾರ ಅದಾ?