ಎಮ್ಮೆಯನ್ನು ಎರಡನೇ ಸಲ ಹೊರಗೆ ಕಟ್ಟುವ ಮೊದಲು

ಇಂದ,
ಹುಚ್ಚೀರಪ್ಪ, ನಿವೃತ್ತ ಜವಾನ
(ಮೂವತ್ತೆಂಟು ವರ್ಷ ಬೇರೆಯವರ ಅರ್ಜಿ ಹೊತ್ತವನು, ಸ್ವಂತದ್ದು ಇದೇ ಮೊದಲು),
ಮರಳಿ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ.

ಗೆ,
ಪಾಸು-ನಪಾಸಿನ ಗೆರೆ ಎಳೆಯುವ ಸಾಹೇಬರು,
ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ, ದಿಲ್ಲಿ.

ವಿಷಯ: ಈ ಸಲದ ಗೆರೆ ಎಲ್ಲಿದೆ ಎಂಬುದನ್ನು ಪರೀಕ್ಷೆಗೆ ಮೊದಲೇ ಲಿಖಿತವಾಗಿ ತಿಳಿಸುವ ಬಗ್ಗೆ; ತತ್ಸಂಬಂಧ ಒಂದು ಎಮ್ಮೆಯ ಸ್ಥಳಾಂತರದ ಬಗ್ಗೆ.

ಉಲ್ಲೇಖ:
1) ಶ್ರಾವಣದಲ್ಲಿ ತಾವು ಹೊರಡಿಸಿದ ಫಲಿತಾಂಶ.
2) ಸಂಕ್ರಮಣದ ಹಿಂದಿನ ದಿನ ಅದೇ ಫಲಿತಾಂಶದ ಮೇಲೆ ಹೊರಟ ಇನ್ನೊಂದು ಆದೇಶ.
3) ಅರ್ಜಿದಾರನ ಹೆಂಡತಿ ಗುರುಲಿಂಗಮ್ಮ ಅಡುಗೆಮನೆಯಿಂದ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರನು ತಮ್ಮ ಅಮೂಲ್ಯ ಸಮಯವನ್ನು ಸ್ವಲ್ಪ ಹಾಳು ಮಾಡಿ ತಿಳಿಸುವುದೇನೆಂದರೆ:

1. ಅರ್ಜಿದಾರನ ಮಗಳು ಸುಮಂಗಲಾ ಎಂ.ಬಿ.ಬಿ.ಎಸ್. ಪಾಸಾದ ಡಾಕ್ಟರು. ಹಳ್ಳಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲೆ ಇದ್ದಳು. ಅಲ್ಲಿ ಹೆರಿಗೆ ಸ್ವಲ್ಪ ಕಷ್ಟವಾದರೂ ಗರ್ಭಿಣಿಯನ್ನು ಆಂಬ್ಯುಲೆನ್ಸಿನಲ್ಲಿ ಹಾಕಿಕೊಂಡು ಕೊಪ್ಪಳಕ್ಕೆ ಓಡಬೇಕು. ಒಂದು ದಿನ ಮನೆಗೆ ಬಂದವಳೇ, "ಅಪ್ಪಾ, ದಾರಿ ತುಂಬ ಅವರ ಕೈ ಹಿಡಕೊಂಡು ಕುಂದರೂದು ಸಾಕಾತು. ನಾನ ಹೆರಿಗಿ ಡಾಕ್ಟರ್ ಆಗ್ತೀನಿ" ಎಂದಳು.

2. ಕಾರಣ, ಕೆಲಸ ಬಿಟ್ಟು ಒಂದು ವರ್ಷ ಓದಲು ಕುಳಿತಳು. ಮನೆಯಲ್ಲಿ ಇರುವುದು ಒಂದೇ ಕೋಣೆ, ಅದರಲ್ಲಿ ಟಿ.ವಿ. ಇದೆ ಮತ್ತು ಗುರುಲಿಂಗಮ್ಮ ಇದ್ದಾಳೆ. ಆದ್ದರಿಂದ ಎಮ್ಮೆಯನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿ, ಕೊಟ್ಟಿಗೆಗೆ ಸುಣ್ಣ ಬಳಿದು, ಅದು ಮೇವು ತಿನ್ನುತ್ತಿದ್ದ ಗ್ವಾದಲಿಯ ಮೇಲೆ ಹಲಗೆ ಹಾಸಿ ಮೇಜು ಮಾಡಲಾಯಿತು. ಬಿಸಿಲಿಗೆ ಎಮ್ಮೆ ಹಾಲು ಅರ್ಧ ಮಾಡಿತು. ಗುರುಲಿಂಗಮ್ಮ ಮಾತು ಎರಡರಷ್ಟು ಮಾಡಿದಳು.

3. ಶ್ರಾವಣದಲ್ಲಿ ಫಲಿತಾಂಶ ಬಂತು. ಎಂಟುನೂರು ಅಂಕಕ್ಕೆ ಅವಳ ವರ್ಗದವರಿಗೆ ತಾವು ಎಳೆದ ಗೆರೆ 235. ಅವಳಿಗೆ ಬಂದದ್ದು 233. ಅವಳು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಹಲಗೆ ತೆಗೆದು, ಎಮ್ಮೆಯನ್ನು ತಾನೇ ಒಳಗೆ ತಂದು ಕಟ್ಟಿದಳು. ಆಮೇಲೆ ಅದರ ಕೊರಳಿಗೆ ತಲೆಯಿಟ್ಟು ಅತ್ತಳು. ಅರ್ಜಿದಾರನು ಬಾಗಿಲ ಹೊರಗೇ ನಿಂತಿದ್ದನು; ಒಳಗೆ ಹೋಗುವ ಧೈರ್ಯ ಬರಲಿಲ್ಲ. ಇದನ್ನು ಕಡತದಲ್ಲಿ ನಮೂದಿಸಿಕೊಳ್ಳತಕ್ಕದ್ದು.

4. ಅವಳು ಹಳೆಯ ಆಸ್ಪತ್ರೆಗೇ ಮರಳಿದಳು. ಐದು ತಿಂಗಳ ನಂತರ, ಸಂಕ್ರಮಣದ ಹಿಂದಿನ ದಿನ, ಗುರುಲಿಂಗಮ್ಮ ಸಜ್ಜೆ ರೊಟ್ಟಿ ಬಡಿಯುತ್ತಿರುವಾಗ ಮಗಳು ಮೊಬೈಲು ನೋಡುತ್ತ ಬಂದಳು.

"ಅಪ್ಪಾ, ನಾ ಪಾಸಾಗೀನಂತ."

"ಮತ್ತ ಯಾವಾಗ ಬರದಿ ಯವ್ವಾ?"

"ಬರದಿಲ್ಲ. ಗೆರಿನ ಕೆಳಗ ಇಳಿಸ್ಯಾರ. ಸೀಟು ಖಾಲಿ ಉಳದಾವಂತ. ಈಗ ಸೊನ್ನಿ ಪರ್ಸೆಂಟೈಲು, ಅಂದ್ರ ಮೈನಸ್ ನಲವತ್ತು ಅಂಕ."

ಪರ್ಸೆಂಟೈಲು ಎಂದರೇನೆಂದು ಅರ್ಜಿದಾರನು ಕೇಳಲಾಗಿ, ಅವಳು ರೇಷನ್ ಅಂಗಡಿಯ ಪಾಳಿಯನ್ನು ನೆನಪಿಸಿದಳು. ಪಾಳಿಯಲ್ಲಿ ನೂರಕ್ಕೆ ಎಷ್ಟು ಜನ ನಿನ್ನ ಹಿಂದೆ ಇದ್ದಾರೆ ಎಂಬ ಲೆಕ್ಕವದು.

"ಸೊನ್ನಿ ಅಂದ್ರ?"

"ಹಿಂದ ಯಾರೂ ಇಲ್ಲ."

"ಕಡೀಗೆ ನಿಂತಾಂವಗೂ ಕೊಡೂದಿದ್ರ, ಪಾಳಿ ಯಾಕ ಹಚ್ಚಿಸಿದ್ರು?"

"ದಿಲ್ಲಿಯವರನ್ನ ಕೇಳಪ್ಪಾ" ಎಂದಳು. ಕಾರಣ, ಸದರಿ ಪ್ರಶ್ನೆಯನ್ನು ತಮ್ಮ ಕಡೆಗೆ ವರ್ಗಾಯಿಸಲಾಗಿದೆ.

5. ಈ ಪರೀಕ್ಷೆ ಬರೆಯುವವರೆಲ್ಲ ಮೊದಲೇ ಡಾಕ್ಟರಾದವರು, ಸೀಟು ಸಿಕ್ಕ ಮೇಲೂ ಆ ಓದಿನ ಕೊನೆಯ ಪರೀಕ್ಷೆ ಪಾಸಾಗಲೇಬೇಕು ಎಂದು ಮಗಳು ತಿಳಿಹೇಳಿದ್ದಾಳೆ. ಅರ್ಜಿದಾರನು ಒಪ್ಪಿಕೊಂಡಿದ್ದಾನೆ. ಆದರೆ ತಪ್ಪು ಉತ್ತರಕ್ಕೆ ಅಂಕ ಕತ್ತರಿಸುತ್ತಾರಂತೆ. ಕಂಪ್ಯೂಟರಿನ ಮುಂದೆ ಯಾವ ಉತ್ತರವನ್ನೂ ಒತ್ತದೆ ಸುಮ್ಮನೆ ಕುಳಿತವನಿಗೆ ಸೊನ್ನೆಯಂತೆ. ಆ ಪ್ರಕಾರ, ಅದೇ ಕೊಟ್ಟಿಗೆಯಲ್ಲಿ ಏನೂ ಒತ್ತದೆ ಕುಳಿತ ಎಮ್ಮೆಯು ಗೆರೆಗಿಂತ ನಲವತ್ತು ಅಂಕ ಮೇಲಿದೆ. ಹಾಗಾದರೆ ಎರಡೇ ಅಂಕಕ್ಕೆ ಈ ಮನೆಯಲ್ಲಿ ಐದು ತಿಂಗಳು ಯಾರಿಗೂ ಅನ್ನ ರುಚಿಸದಿದ್ದುದು ಯಾವ ನಿಯಮದಡಿ?

6. ಅಷ್ಟರಲ್ಲಿ ಸರ್ಕಾರಿ ಕಾಲೇಜಿನ ಹೆರಿಗೆ ವಿಭಾಗದ ಸೀಟು ತುಂಬಿಹೋಗಿದ್ದವು. ಉಳಿದವು ಖಾಸಗಿಯವು. ಅಂಕ ಸೊನ್ನೆಯ ಕೆಳಗೆ ಇಳಿದರೂ ಅಲ್ಲಿನ ಶುಲ್ಕ ಒಂದು ಮೆಟ್ಟಿಲೂ ಇಳಿದಿರಲಿಲ್ಲ. ಕಾರಣ, ಮಗಳು ಪಾಸಾಗಿಯೂ ಇದ್ದಲ್ಲೇ ಇದ್ದಾಳೆ, ಆಂಬ್ಯುಲೆನ್ಸಿನಲ್ಲಿ ಕೈ ಹಿಡಿದುಕೊಂಡು.

7. ಈ ವರ್ಷ ಮತ್ತೆ ಬರೆ ಎಂದು ಅರ್ಜಿದಾರನು ಕೈ ಮುಗಿದು ಕೇಳಿದನು. ಅವಳು, "ಗೆರಿ ಎಲ್ಲೈತಿ ಅಂತ ಮೊದಲ ಹೇಳಿದ್ರ, ಎಷ್ಟ ಎತ್ತರ ಇದ್ರೂ ದಾಟತೀನಿ. ನಾ ಬಿದ್ದ ಮ್ಯಾಲೆ ಸರಸೂದಾದ್ರ ಪುಸ್ತಕ ಮುಟ್ಟಂಗಿಲ್ಲ ಅಪ್ಪಾ" ಎಂದಳು. ಅವಳು ಒಮ್ಮೆ ಅಂದರೆ ಅಂದಂತೆಯೇ. ಇತ್ತ ಎಮ್ಮೆ ಕರು ಹಾಕಿದೆ. ಗುರುಲಿಂಗಮ್ಮನ ಆದೇಶ ಹೀಗಿದೆ: "ದಿಲ್ಲಿಯಿಂದ ಕಾಗದ ಬರೂತನಾ ಆ ಹಗ್ಗಕ್ಕ ಕೈ ಹಚ್ಚಿದ್ರ ನೋಡ್ರಿ!"

ಆದ್ದರಿಂದ, ಗೆರೆ ಮುನ್ನೂರಿರಲಿ, ಐನೂರಿರಲಿ, ಎಳೆದ ಮೇಲೆ ಅಳಿಸುವುದಿಲ್ಲವೆಂದು ಒಂದು ಸಾಲು ಬರೆದು, ಸಹಿ ಮತ್ತು ಮೊಹರಿನೊಂದಿಗೆ ಕಳಿಸಬೇಕು. ಗೆರೆ ಇಳಿಸಿರೆಂದು ಅರ್ಜಿದಾರನು ಕೇಳುತ್ತಿಲ್ಲ. ಕಾಗದ ಬಂದ ದಿನವೇ ಕೊಟ್ಟಿಗೆಗೆ ಸುಣ್ಣ ಬಳಿಯಲಾಗುವುದು.

ತಮ್ಮ ಮೇಲಿನ ವಿಶ್ವಾಸವನ್ನು ಇನ್ನೂ ಪೂರ್ತಿ ಕಳೆದುಕೊಳ್ಳದ,
ಹುಚ್ಚೀರಪ್ಪ

ಲಗತ್ತುಗಳು:
1) ಸುಮಂಗಲಾಳ ಅಂಕಪಟ್ಟಿ, ಒಂದೇ ಪ್ರತಿ. ಶ್ರಾವಣದಲ್ಲಿ ನಪಾಸು, ಸಂಕ್ರಮಣಕ್ಕೆ ಪಾಸು. ಅಂಕ ಮಾತ್ರ ಅವೇ.
2) ಎಮ್ಮೆ ಮತ್ತು ಕರುವಿನ ಭಾವಚಿತ್ರ.
3) ಉತ್ತರಕ್ಕಾಗಿ, ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ.

ಪ್ರತಿ: ಶ್ರೀಮತಿ ಗುರುಲಿಂಗಮ್ಮ, ಅಡುಗೆಮನೆ, ಮಾಹಿತಿಗಾಗಿ ಮತ್ತು ಹಗ್ಗ ಬಿಚ್ಚುವ ಮುಂದಿನ ಕ್ರಮಕ್ಕಾಗಿ. ಮಗಳಿಗೆ ಪ್ರತಿ ಕೊಟ್ಟಿಲ್ಲ. ಈ ಅರ್ಜಿಯ ವಿಷಯ ಅವಳಿಗೆ ಗೊತ್ತಿಲ್ಲ. ಆದರೆ ನಿನ್ನೆ ಅಟ್ಟದ ಪುಸ್ತಕಗಳ ಧೂಳನ್ನು ಯಾರೋ ಒರೆಸಿಟ್ಟಿದ್ದು ಕಂಡುಬಂದಿದೆ. ಕಾರಣ, ದಯಮಾಡಿ ಬೇಗ ಉತ್ತರಿಸಬೇಕು.