ದಿನಕ್ಕೆ ಒಂದೇ ಅರ್ಥ

ಇಂಗ್ಲಿಷ್ ಭಾಷೆಯನ್ನು ಮಟ್ಟ ಹಾಕಿಯೇ ತೀರುವೆನೆಂದು ನಾನು ಪಣ ತೊಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ. ಪಣಕ್ಕೆ ಕಾರಣವಿತ್ತು. ನಾನು ಕೆಲಸ ಮಾಡುವ ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್ ನಿವೃತ್ತರಾಗಿ ಅವರ ಕುರ್ಚಿ ಖಾಲಿ ಬಿದ್ದಿತ್ತು. ಅಂತಿಂಥ ಕುರ್ಚಿಯಲ್ಲ, ಕೆಳಗೆ ಗಾಲಿಯಿದ್ದು ಗಿರಗಿರನೆ ತಿರುಗುವ ಕುರ್ಚಿ! ಇಷ್ಟು ವರ್ಷ ನಿಂತೇ ಟವೆಲ್ ಮಡಚಿದವನು ನಾನು. ಇನ್ನು ಕೂತು ತಿರುಗಬೇಕೆಂಬ ಆಸೆ ನನ್ನ ಮೊಣಕಾಲಿನಲ್ಲೇ ಹುಟ್ಟಿತ್ತು. ಎದುರಾಳಿ ಒಬ್ಬನೇ. ಅಂಗಿಯ ಗೆರೆ ಮುರಿಯದಂತೆ ಹುಷಾರಾಗಿ ಉಸಿರಾಡುವ ಅವನನ್ನು ನಾವೆಲ್ಲ ‘ಇಸ್ತ್ರಿ’ ಎಂದೇ ಕರೆಯುವುದು. ಅಂದು ಮಾಲೀಕರು ಖುದ್ದಾಗಿ ಬಂದು ನಮ್ಮಿಬ್ಬರಲ್ಲಿ ಒಬ್ಬನನ್ನು ಆರಿಸುವವರಿದ್ದರು. ಅವರ ಕಿವಿಗೆ ಒಂದೇ ಒಂದು ಭಾರಿ ಇಂಗ್ಲಿಷ್ ಪದ ಬಿದ್ದರೆ ಸಾಕು, ಕುರ್ಚಿ ನನ್ನದೆಂದು ಲೆಕ್ಕ ಹಾಕಿದ್ದೆ.

ಡಿಕ್ಷನರಿ ತೆರೆದೆ. ಕಣ್ಣಿಗೆ ಬಿದ್ದ ಪದ ‘ಓವರ್‌ಸೈಟ್’. ಅರ್ಥ, ಮೇಲ್ವಿಚಾರಣೆ. ಸೂಪರ್‌ವೈಸರ್ ಆಗಹೊರಟವನಿಗೆ ಇದಕ್ಕಿಂತ ಬೇಕೆ? ಮುಂದಿನ ಸಾಲು ಓದುವ ಗೋಜಿಗೆ ಹೋಗದೆ ಡಿಕ್ಷನರಿಯನ್ನು ಧಪ್ಪೆಂದು ಮುಚ್ಚಿದೆ.

"ಇವತ್ತಿಂದ ಈ ಮನೆ ನನ್ನ ಓವರ್‌ಸೈಟ್‌ನಲ್ಲಿ ನಡೆಯುತ್ತೆ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿದೆ.

ಹೊರಗಿನ ಕೋಣೆಯಿಂದ ಅಮ್ಮನ ದನಿ ಬಂತು. ಅವಳಿಗೆ ಕಿವಿ ಸ್ವಲ್ಪ ಮಂದ. "ಸೈಟ್ ತಗೊಂಡ್ಯೇನೋ? ಎಲ್ಲಿ? ಕಾರ್ನರ್ ಸೈಟಾ?"

"ಸೈಟಲ್ಲಮ್ಮ, ಓವರ್‌ಸೈಟ್."

"ಓವರ್ ಆದ್ರೆ ಬೇಡ ಬಿಡು. ನಮ್ಮ ಕೈಗೆಟುಕೋದನ್ನ ನೋಡು."

ನನ್ನ ಹೆಂಡತಿ ಮಾತ್ರ ತಲೆಯೆತ್ತಿ ನನ್ನನ್ನೇ ನೋಡಿದಳು. ಅವಳು ಫೋನ್ ಕಂಪನಿಯೊಂದರ ದೂರು ವಿಭಾಗದಲ್ಲಿ ದಿನವಿಡೀ ಗಿರಾಕಿಗಳಿಗೆ ಉತ್ತರ ಟೈಪ್ ಮಾಡುವವಳು.

"ರೀ, ಆ ಪದಕ್ಕೆ ಇನ್ನೊಂದು ಅರ್ಥ ಇದೆ."

"ದಿನಕ್ಕೆ ಒಂದೇ ಪದ, ಪದಕ್ಕೆ ಒಂದೇ ಅರ್ಥ. ಅಷ್ಟು ಸಾಕು ನನಗೆ."

"ಎರಡನೇದನ್ನೂ ಒಂದ್ಸಲ ನೋಡ್ಕೊಂಡು..."

"ಗಂಡ ಮುಂದೆ ಬರ್ತಿದ್ದಾನೆ ಅಂತ ಹೊಟ್ಟೆಕಿಚ್ಚು ಪಡಬೇಡ ಕಣೇ."

"ಆಯ್ತಪ್ಪ. ನಾನು ಸ್ನಾನಕ್ಕೆ ಹೋಗ್ತೀನಿ. ಒಲೆ ಮೇಲೆ ಹಾಲಿದೆ, ಅದೂ ನಿಮ್ಮ ಓವರ್‌ಸೈಟ್‌ನಲ್ಲೇ ಇರ್ಲಿ."

ನಾನು ಫ್ರಿಜ್ಜಿನ ಹೊಳೆಯುವ ಬಾಗಿಲ ಮುಂದೆ ನಿಂತು ಅಭ್ಯಾಸ ಶುರು ಮಾಡಿದೆ. ಒಮ್ಮೆ ಸೊಂಟದ ಮೇಲೆ ಕೈ, ಒಮ್ಮೆ ಎದೆಯ ಮೇಲೆ ಕೈ. ‘ಮೈ ಓವರ್‌ಸೈಟ್, ಸರ್!’ ಆಹಾ, ಎಂಥ ಗಾಂಭೀರ್ಯ! ಎದೆಯ ಮೇಲಿನ ಕೈಯೇ ಸೈ ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಚುಯ್ಯೆಂಬ ಸದ್ದಾಯಿತು. ಅರ್ಧ ಹಾಲು ಉಕ್ಕಿ ನೆಲ ಸೇರಿತ್ತು, ಇನ್ನರ್ಧ ತಳ ಹಿಡಿದಿತ್ತು.

ತಲೆಗೆ ಟವೆಲ್ ಸುತ್ತಿಕೊಂಡೇ ಓಡಿಬಂದ ಹೆಂಡತಿ ಪಾತ್ರೆಯೊಳಗೆ ಇಣುಕಿದಳು.

"ಏನ್ರೀ ಇದು?"

"ನನ್ನ ಓವರ್‌ಸೈಟ್‌ನಲ್ಲೇ ಇತ್ತು ಕಣೇ."

"ಕಾಣಿಸ್ತಿದೆ. ಎರಡೂ ಅರ್ಥ ಒಂದೇ ಪಾತ್ರೇಲಿದೆ."

ಅದೇನೆಂದು ಕೇಳಲು ನನಗೆ ಪುರುಸೊತ್ತಿರಲಿಲ್ಲ. ಅವಳು ನೆಲ ಒರೆಸುವ ಬಟ್ಟೆ ಹುಡುಕುವುದರೊಳಗೆ ನಾನು ಬೀದಿಯಲ್ಲಿದ್ದೆ.

ಲಾಂಡ್ರಿಯಲ್ಲಿ ಮಡಚುವ ಮೇಜಿನ ಮೇಲೆ ಡೈನಿಂಗ್ ಹಾಲಿನ ಟೇಬಲ್‌ಕ್ಲಾತುಗಳು ರಾಶಿ ಬಿದ್ದಿದ್ದವು. ನಿನ್ನೆಯವರೆಗೆ ಹಾಲಿನಂತೆ ಬೆಳ್ಳಗಿದ್ದವು, ಇವತ್ತು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಬೇರೆ ದಿನವಾಗಿದ್ದರೆ ಯಾವ ಕೆಂಪು ಬಟ್ಟೆ ಬಣ್ಣ ಬಿಟ್ಟಿತೆಂದು ಮೊದಲು ಹುಡುಕುತ್ತಿದ್ದವನೇ ನಾನು. ಆದರೆ ಅಂದು ನನ್ನ ತಲೆ ತುಂಬ ಇಂಗ್ಲಿಷಿತ್ತು. ಯಾವುದೋ ಪಾರ್ಟಿಗೆ ಬೇಕೆಂದೇ ಬಣ್ಣ ಹಾಕಿಸಿರಬೇಕು ಅಂದುಕೊಂಡೆ. ಇಸ್ತ್ರಿ ಮೂಲೆಯ ಟ್ರಾಲಿಯ ಹಿಂದೆ ಮುದುರಿ ನಿಂತಿದ್ದ. ಅವನ ಅಂಗಿಯಲ್ಲಿ ಸುಕ್ಕು ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ಮಾಲೀಕರು ಬಂದೇಬಿಟ್ಟರು! ಹಿಂದೆಯೇ ಮ್ಯಾನೇಜರ್ ಮೇಡಂ. ಮಾಲೀಕರು ಒಂದು ಗುಲಾಬಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ಕೇಳಿದರು.

"ಬಣ್ಣ ಚೆನ್ನಾಗಿ ಬಂದಿದೆ. ಯಾರ ಕೆಲಸ ಇದು?"

ಮೆಚ್ಚುಗೆ! ಇಸ್ತ್ರಿ ಬಾಯಿ ಬಿಡುವ ಮುಂಚೆ ನಾನು ಮುಂದೆ ನುಗ್ಗಿ ಎದೆಯ ಮೇಲೆ ಕೈಯಿಟ್ಟೆ.

"ಮೈ ಓವರ್‌ಸೈಟ್, ಸರ್!"

ಎಲ್ಲರೂ ನನ್ನತ್ತ ತಿರುಗಿದರು. ಪದ ನಾಟಿದೆ ಅಂದುಕೊಂಡೆ.

"ಪೂರ್ತಿ ನಿಮ್ಮದೇನಾ?" ಎಂದರು ಮಾಲೀಕರು.

"ಶುರುವಿಂದ ಕೊನೇವರೆಗೂ ನಂದೇ ಸರ್."

"ರಿಸೆಪ್ಷನ್ ಪರದೆ ಒಗೆದ ಮೇಲೆ ಮೊಣಕಾಲುದ್ದಕ್ಕೆ ಬಂದಿದೆಯಲ್ಲ, ಅದು?"

ಆ ಪರದೆ ಒಗೆದದ್ದು ಯಾರೆಂದು ದೇವರಿಗೇ ಗೊತ್ತು. ಆದರೆ ಸೂಪರ್‌ವೈಸರ್ ಆಗುವವನು ಹಿಂದೆ ಸರಿಯಬಹುದೆ? "ಅದೂ ನನ್ನ ಓವರ್‌ಸೈಟೇ ಸರ್."

"ಅಡುಗೆಭಟ್ಟರ ಕೋಟಿಗೆ ಒಂದು ಗುಂಡೀನೂ ಉಳಿದಿಲ್ಲ. ಪಿನ್ನು ಚುಚ್ಕೊಂಡು ಓಡಾಡ್ತಿದ್ದಾರೆ."

"ಒಂದೊಂದು ಗುಂಡಿಗೂ ನನ್ನ ಓವರ್‌ಸೈಟ್ ಇದೆ ಸರ್."

ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ನೇರವಾಗಿ ಮಾತಾಡೋ ಮನುಷ್ಯನ್ನ ನಾನು ನೋಡಿರ್ಲಿಲ್ಲ. ಸಂಜೆಯೊಳಗೆ ತೀರ್ಮಾನ ಹೇಳ್ತೀನಿ," ಎಂದು ನನ್ನ ಬೆನ್ನು ತಟ್ಟಿ ಹೊರಟರು. ಮೇಡಂ ಕಣ್ಣಲ್ಲಿ ನೀರಾಡುತ್ತಿತ್ತು. ಇಸ್ತ್ರಿ ಬಂದವನೇ ನನ್ನ ಎರಡೂ ಕೈ ಹಿಡಿದುಕೊಂಡ.

"ಅಣ್ಣ, ಈ ಉಪಕಾರ ಸಾಯೋವರೆಗೂ ಮರೆಯಲ್ಲ."

ಆದೇಶ ಕೈಸೇರುವ ಮುಂಚೆಯೇ ಕಾಕಾ ಹಿಡಿಯಲು ಶುರು ಮಾಡಿದ್ದಾನಲ್ಲ ಎಂದು ನಗು ಬಂತು. "ಇರ್ಲಿ ಬಿಡಪ್ಪ, ನಿನ್ನನ್ನ ಚೆನ್ನಾಗಿ ನೋಡ್ಕೋತೀನಿ," ಎಂದು ಅಭಯ ಕೊಟ್ಟೆ. ಯಾರೂ ನೋಡದಿದ್ದಾಗ ಆ ಕುರ್ಚಿಯಲ್ಲಿ ಕೂತು ಎರಡು ಸುತ್ತು ತಿರುಗಿಯೂ ಬಂದೆ. ಏನು ಸುಖ!

ಸಂಜೆ ಕೇಕಿನ ಡಬ್ಬ ಹಿಡಿದು ಮನೆಗೆ ಹಾರಿಕೊಂಡು ಬಂದೆ.

"ಸೈಟ್ ರಿಜಿಸ್ಟರ್ ಆಯ್ತೇನೋ?" ಎಂದಳು ಅಮ್ಮ.

"ಅದಕ್ಕಿಂತ ದೊಡ್ಡದಮ್ಮ," ಎಂದು ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದೆ. ಹೆಂಡತಿ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಹೊಟ್ಟೆ ಹಿಡಿದುಕೊಂಡಳು, ಕೊನೆಗೆ ನೆಲಕ್ಕೇ ಕುಸಿದು ಕೂತಳು.

"ರೀ, ನಮ್ಮ ಆಫೀಸಲ್ಲಿ ಬಿಲ್ ತಪ್ಪಾದಾಗೆಲ್ಲ ಗಿರಾಕಿಗಳಿಗೆ ಏನಂತ ಬರೀತೀವಿ ಗೊತ್ತಾ? ‘ಇದು ನಮ್ಮ ಓವರ್‌ಸೈಟ್, ದಯವಿಟ್ಟು ಕ್ಷಮಿಸಿ.’ ಅಂದ್ರೆ ಕಣ್ತಪ್ಪು."

"ಕಣ್ತಪ್ಪಾ?"

"ನೋಡ್ಕೊಳ್ಳೋದಕ್ಕೂ ಅದೇ ಪದ, ನೋಡದೆ ಎಡವಟ್ಟು ಮಾಡೋದಕ್ಕೂ ಅದೇ ಪದ. ನೀವು ಹೋಟೆಲಿನ ತಪ್ಪನ್ನೆಲ್ಲ ಎದೆ ಮುಟ್ಕೊಂಡು ಒಪ್ಕೊಂಡು ಬಂದಿದ್ದೀರ."

ಗುಲಾಬಿ ಬಟ್ಟೆ, ಇಸ್ತ್ರಿಯ ಅಂಗಿಯ ಸುಕ್ಕು, ಮೇಡಂ ಕಣ್ಣೀರು, ಎಲ್ಲದರ ಅರ್ಥವೂ ಒಟ್ಟಿಗೇ ಹೊಳೆಯಿತು. ಅದೇ ಹೊತ್ತಿಗೆ ಫೋನ್ ಬಡಿದುಕೊಂಡಿತು. ಮ್ಯಾನೇಜರ್ ಮೇಡಂ.

"ನೋಡಿ, ಸೂಪರ್‌ವೈಸರ್ ಕೆಲಸ ಇಸ್ತ್ರಿಗಾಯ್ತು. ನಿಮ್ಮನ್ನ ಮನೆಗೆ ಕಳಿಸಬೇಕಿತ್ತು, ಆದ್ರೆ ಇಷ್ಟು ಪ್ರಾಮಾಣಿಕ ಮನುಷ್ಯ ಸಿಗಲ್ಲ, ಇರ್ಲಿ ಅಂದ್ರು ಮಾಲೀಕರು. ನಾಳೆಯಿಂದ ನೀವು ಏನೇ ಒಗೆದರೂ ಇಸ್ತ್ರಿಯ ಓವರ್‌ಸೈಟ್‌ನಲ್ಲೇ ಒಗೀಬೇಕು."

ನಾನು ಫೋನಿಟ್ಟು ಪೆಚ್ಚುಮೋರೆ ಹಾಕಿಕೊಂಡು ಕೂತೆ. ದುಃಖವಾಯಿತು, ನಿಜವಾಗಿಯೂ. ಆ ಕುರ್ಚಿ ಎಷ್ಟು ಚೆನ್ನಾಗಿ ತಿರುಗುತ್ತಿತ್ತು! ಹೆಂಡತಿಗೆ ಕನಿಕರ ಬಂದಿರಬೇಕು, ಕೇಕಿನ ದೊಡ್ಡ ತುಂಡನ್ನೇ ನನ್ನ ಮುಂದಿಟ್ಟಳು.

"ಹೋಗ್ಲಿ ಬಿಡ್ರಿ. ಓವರ್‌ಸೈಟ್ ಅಂದ್ರೆ ಅಷ್ಟೇನೂ ಕೆಟ್ಟದ್ದಲ್ಲ. ನಮ್ಮಪ್ಪ ನಿಮ್ಮನ್ನ ಅಳಿಯ ಅಂತ ಒಪ್ಕೊಂಡಿದ್ದೂ ಓವರ್‌ಸೈಟೇ."

ನಾನು ಕೇಕ್ ಕೆಳಗಿಟ್ಟೆ. "ಯಾವ ಅರ್ಥದಲ್ಲಿ?"

ಅವಳು ತಳ ಹಿಡಿದ ಹಾಲಿನ ಪಾತ್ರೆಯನ್ನೂ ಉಜ್ಜುವ ನಾರನ್ನೂ ತಂದು ನನ್ನ ಕೈಗಿಟ್ಟಳು.

"ದಿನಕ್ಕೆ ಒಂದೇ ಅರ್ಥ ಸಾಕು ಅಂದ್ರಲ್ಲ. ಇವತ್ತಿಗೆ ಪಾತ್ರೆ ಉಜ್ಜಿ, ಅದನ್ನ ನಾಳೆ ಹೇಳ್ತೀನಿ."