ಹನ್ನೆರಡನೇ ಇಯತ್ತೆ, ಮೊದಲನೇ ಸೆಮಿಸ್ಟರ್

ತಂದೆಯಾದವನು ಮಕ್ಕಳ ಶಾಲೆಗೆ ಎರಡೇ ಕಾರಣಕ್ಕೆ ಹೋಗುತ್ತಾನೆ ಎಂಬುದು ನಮ್ಮ ಮನೆತನದ ತಿಳಿವಳಿಕೆ: ಒಂದು, ಹೆಸರು ಹಚ್ಚಲು, ಇನ್ನೊಂದು, ತಪ್ಪೊಪ್ಪಿಕೊಳ್ಳಲು. ಹುಬ್ಬಳ್ಳಿಯಲ್ಲಿ ನನ್ನಪ್ಪ ನನ್ನ ಶಾಲೆಗೆ ಮೂರು ಸಲ ಬಂದಿದ್ದರು. ಹೆಸರು ಹಚ್ಚಲು ಬಂದದ್ದು ಒಂದೇ ಸಲ. ಹೀಗಾಗಿ, ಜರ್ಮನಿಯವರು ಕಂಪ್ಯೂಟರ್ ಎಂಜಿನಿಯರುಗಳಿಗೆ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಅಲ್ಲಿಯ ಕಾರ್ಲ್ಸ್‌ರುಹೆ ಎಂಬ ಊರಿಗೆ ಬಂದು ಮೂರು ವರ್ಷವಾದ ಮೇಲೆ, ಮಗಳ ಗಣಿತದ ಟೀಚರು ತಂದೆತಾಯಿಯನ್ನು ನೋಡಬೇಕೆಂದು ಚೀಟಿ ಕಳಿಸಿದಾಗ ನಾನು ತಪ್ಪೊಪ್ಪಿಗೆಯ ಮಾತುಗಳನ್ನು ಜರ್ಮನ್‌ನಲ್ಲಿ ಹೊಂದಿಸತೊಡಗಿದೆ. ಅನಘಾ ಹನ್ನೆರಡನೇ ಇಯತ್ತೆಯಲ್ಲಿದ್ದಳು. ಹದಿನಾಲ್ಕನೇ ವಯಸ್ಸಿನಲ್ಲಿ ಬಂದು, ಜರ್ಮನ್ ಕಲಿತು, ಈಗ ನಮಗೆ ಉತ್ತರ ಕೊಡುವುದೂ ಹೆಚ್ಚಾಗಿ ಆ ಭಾಷೆಯಲ್ಲೇ. ಏನು ಮಾಡಿದಿ ಎಂದು ಹೆಂಡತಿ ಸುನಂದಾ ಎಷ್ಟು ಕೇಳಿದರೂ, ಗೊತ್ತಿಲ್ಲ ಎಂದು ಜರ್ಮನ್‌ನಲ್ಲಿ ಹೇಳಿ ಭುಜ ಹಾರಿಸಿದಳು.

ಟೀಚರು ಫ್ರೌ ಕೆಲ್ಲರ್, ಅಂದರೆ ಕೆಲ್ಲರ್ ಮೇಡಂ, ಸೈಕಲ್ ಮೇಲೆ ಬರುವವರು. ಹೆಲ್ಮೆಟ್ಟು ಮೇಜಿನ ಮೇಲಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. ಹುಡುಗಿ ಸ್ವಲ್ಪ ಸೋಮಾರಿ, ಆದರೆ ಮನಸ್ಸು ಒಳ್ಳೆಯದು, ಇನ್ನು ಮುಂದೆ ನಾನೇ ಕೂತು ಓದಿಸುತ್ತೇನೆ. ಬರುವ ಅರ್ಧಂಬರ್ಧ ಜರ್ಮನ್‌ನಲ್ಲಿ ಕೈಮುಗಿದು ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ನಿಮ್ಮ ಮಗಳಿಗೆ ನನ್ನ ಕ್ಲಾಸಿನಲ್ಲಿ ಬೇಸರ ಬರುತ್ತದೆ, ಎಲ್ಲರಿಗಿಂತ ಮೊದಲೇ ಲೆಕ್ಕ ಮುಗಿಸಿ ಬೆಕ್ಕಿನ ಚಿತ್ರ ಬರೆಯುತ್ತಾಳೆ ಎಂದರು. ಅಂಥ ಮಕ್ಕಳಿಗೆ ಊರಿನ ವಿಶ್ವವಿದ್ಯಾಲಯದಲ್ಲಿ ಒಂದು ಏರ್ಪಾಡಿದೆಯಂತೆ. ವಾರಕ್ಕೆ ಎರಡು ದಿನ ಬೆಳಗ್ಗೆ ಶಾಲೆ ಬಿಟ್ಟು ಅಲ್ಲಿಗೆ ಹೋಗಿ, ಮೊದಲ ಸೆಮಿಸ್ಟರಿನವರ ಜೊತೆ ಕೂತು ಪಾಠ ಕೇಳಬಹುದಂತೆ. ಪರೀಕ್ಷೆ ಬರೆದು ಪಾಸಾದರೆ, ಮುಂದೆ ಕಾಲೇಜು ಸೇರಿದಾಗ ಆ ವಿಷಯವನ್ನು ಮತ್ತೆ ಬರೆಯಬೇಕಿಲ್ಲವಂತೆ.

ನಾನು ದಂಗಾದೆ. ಎಂಟ್ರನ್ಸ್ ಪರೀಕ್ಷೆ? ಇಲ್ಲ. ಹಾಜರಿ? ಅಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಟ್ಯೂಷನ್ ಯಾರ ಹತ್ತಿರ ಹಚ್ಚಬೇಕು? ಈ ಪ್ರಶ್ನೆ ಆಕೆಗೆ ಅರ್ಥವೇ ಆಗಲಿಲ್ಲ. ಕೊನೆಗೆ, ತಂದೆಯಾಗಿ ಯೋಚಿಸಿ ಹೇಳುತ್ತೇನೆ ಎಂದೆ. ಅನಘಾ ಆಗಲೇ ಒಪ್ಪಿದ್ದಾಳೆ, ನಿಮ್ಮ ಸಹಿ ಅಷ್ಟೇ ಬೇಕಾಗಿತ್ತು ಎಂದು ಪೆನ್ನು ಕೊಟ್ಟರು.

ಹುಬ್ಬಳ್ಳಿಯ ಅಣ್ಣನಿಗೆ ಅವತ್ತೇ ಫೋನ್ ಮಾಡಿದೆ. ನಾನು ಹೇಳಿದ್ದು ಇಷ್ಟೇ, ಹುಡುಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಾಳೆ ಎಂದು. ಒಂದು ವಾರದಲ್ಲಿ ಸುದ್ದಿ ಎಷ್ಟು ಬೆಳೆದಿತ್ತೆಂದರೆ, ಅನಘಾ ಜರ್ಮನ್ ಹುಡುಗರಿಗೆ ಬಿ.ಇ. ಪಾಠ ಹೇಳುತ್ತಾಳಂತೆ ಹೌದೇ ಎಂದು ಸೋದರತ್ತೆ ಕೇಳಿದರು. ಹಾಗೇನಿಲ್ಲ ಎಂದೆ, ಆದರೆ ಅಲ್ಲಗಳೆದಂತೆ ಕೇಳಿಸದಷ್ಟು ಮೆಲ್ಲಗೆ.

ಮೊದಲ ದಿನ ಅರ್ಧ ದಿನ ರಜೆ ಹಾಕಿ ನಾನೂ ಹೋದೆ. ಮಗಳು ಬೇಡವೆನ್ನಲಿಲ್ಲ, ನನಗಿಂತ ಹತ್ತು ಸಾಲು ಮುಂದೆ ಕೂತಳು ಅಷ್ಟೆ. ಸಿನಿಮಾ ಥಿಯೇಟರಿನಂಥ ಹಾಲು. ಪ್ರೊಫೆಸರು ಮೇಲೆ ಕೆಳಗೆ ಸರಿಯುವ ಕರಿಹಲಗೆಗಳನ್ನು ಒಂದರ ಹಿಂದೊಂದು ತುಂಬಿಸಿದರು. ನಾನೂ ಬಿ.ಇ. ಓದಿದವನೇ, ಆದರೂ ನನಗೆ ಪೂರ್ತಿ ತಿಳಿದದ್ದು ಆರಂಭದ 'ಗುಟನ್ ಮೊರ್ಗನ್' ಎಂಬ ನಮಸ್ಕಾರ ಒಂದೇ. ಪಾಠ ಮುಗಿಯುತ್ತಲೇ ಹಾಲಿಗೆ ಹಾಲೇ ಬೆಂಚು ಕುಟ್ಟತೊಡಗಿತು. ನಮ್ಮ ಕಾಲೇಜಿನಲ್ಲಿ ಬೆಂಚು ಕುಟ್ಟುವುದಕ್ಕೆ ಒಂದೇ ಅರ್ಥ ಇತ್ತು, ಮೇಷ್ಟ್ರೇ ನಡೀರಿ ಅಂತ. ಇಷ್ಟು ವಯಸ್ಸಾದ ಮನುಷ್ಯನಿಗೆ ಇಂಥ ಅವಮಾನವೇ ಎಂದು ನಾನು ತಲೆತಗ್ಗಿಸಿದರೆ, ಅವರು ನಗುತ್ತಾ ಸೀಮೆಸುಣ್ಣದ ಕೈ ಒರೆಸಿಕೊಂಡು ಹೊರಟರು. ಅದು ಇಲ್ಲಿಯ ಚಪ್ಪಾಳೆಯಂತೆ. ನಾವು ಬೆಂಚು ಕುಟ್ಟಿ ಓಡಿಸಿದ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಮೇಷ್ಟ್ರು ಜರ್ಮನಿಯಲ್ಲಿ ಹುಟ್ಟಿದ್ದರೆ ದಿನಾಲೂ ಸಂತೋಷದಿಂದ ಮನೆಗೆ ಹೋಗುತ್ತಿದ್ದರು.

ಚಳಿಗಾಲದ ಕೊನೆಗೆ ಪರೀಕ್ಷೆ ಆಯಿತು. ಒಂದು ಶನಿವಾರ ತಿಂಡಿಗೆ ಕೂತಾಗ ಅನಘಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, "ಅಪ್ಪಾ, ನಾ ಫೇಲ್ ಆದೆ. ಜಾಮ್ ಎಲ್ಲದ?" ಎಂದಳು.

ನಮ್ಮ ವಂಶದಲ್ಲಿ ಫೇಲ್ ಎಂಬ ಮಾತನ್ನೂ ಜಾಮ್ ಎಂಬ ಮಾತನ್ನೂ ಒಂದೇ ಉಸಿರಿನಲ್ಲಿ ಆಡಿದವರಿಲ್ಲ. ಸುನಂದಾ ಜಾಮ್ ಕೊಟ್ಟಳು. ನಾನು ತಿಂಡಿ ಬಿಟ್ಟೆ. ಸೋಮವಾರ ಮತ್ತೆ ಫ್ರೌ ಕೆಲ್ಲರ್ ಎದುರಿಗೆ ಕೂತು, ಕ್ಷಮೆ ಕೇಳಿ, ಮಗಳ ಹೆಸರು ತೆಗೆಸುತ್ತೇನೆ, ಈ ಫೇಲು ಎಲ್ಲೆಲ್ಲಿ ದಾಖಲಾಗುತ್ತದೆ ಹೇಳಿ ಎಂದೆ.

ಎಲ್ಲೂ ಇಲ್ಲ ಎಂದರು ಆಕೆ. ಶಾಲೆಯ ಮಕ್ಕಳು ಪಾಸಾದರೆ ಮಾತ್ರ ಬರೆದಿಟ್ಟುಕೊಳ್ಳುತ್ತಾರೆ. ಆಗದಿದ್ದರೆ ಪರೀಕ್ಷೆಗೆ ಕೂತೇ ಇಲ್ಲ ಎಂದು ಲೆಕ್ಕ.

ಅವತ್ತು ನನಗಾದ ಆಘಾತದ ಮುಂದೆ ಬೆಂಚು ಕುಟ್ಟಿದ್ದು ಏನೂ ಅಲ್ಲ. ಬಿ.ಇ. ಎರಡನೇ ವರ್ಷದಲ್ಲಿ ನಾನು ಗಣಿತದಲ್ಲಿ ಡುಮ್ಕಿ ಹೊಡೆದಿದ್ದೆ. ಆಮೇಲೆ ಪಾಸಾದೆ, ಆದರೂ ಆ ಮಾರ್ಕ್ಸ್ ಕಾರ್ಡು ಪ್ರತಿಯೊಂದು ಇಂಟರ್‌ವ್ಯೂನಲ್ಲೂ ಫೈಲಿನೊಳಗಿಂದ ನನ್ನನ್ನು ಹೆದರಿಸಿದೆ. ಹೆಂಡತಿಗೂ ಹೇಳದ ಆ ಸಂಗತಿಯನ್ನು ಸೈಕಲ್ ಹೆಲ್ಮೆಟ್ಟಿನ ಮುಂದೆ ಕೂತು ಹೇಳಿಬಿಟ್ಟೆ. ಫ್ರೌ ಕೆಲ್ಲರ್ ಬಿಸ್ಕತ್ತು ಕೊಟ್ಟರು.

ಆದರೂ ಬುದ್ಧಿ ಬರಲಿಲ್ಲ. ಮನೆಗೆ ಬಂದು ಮಗಳಿಗೆ, ಇಷ್ಟಕ್ಕೇ ಸಾಕು, ಮರ್ಯಾದೆಯಿಂದ ಬಿಟ್ಟುಬಿಡೋಣ ಎಂದೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಅಪ್ಪಾ, ನಾ ಫೇಲ್ ಆದೆ ಅಂತ ನಿಂಗ ಬ್ಯಾಸರನೋ, ದೊಡ್ಡಪ್ಪಗ ಏನ್ ಹೇಳೋದು ಅಂತ ಬ್ಯಾಸರನೋ?"

ಇವಳ ಕನ್ನಡಕ್ಕೆ ತುಕ್ಕು ಹಿಡಿದಿದೆ ಎಂದು ನಾನು ನಂಬಿದ್ದೆ. ಅಡುಗೆಮನೆಯಲ್ಲಿ ಸುನಂದಾ ನನ್ನ ಉತ್ತರ ಕೇಳಲಿಕ್ಕೆಂದೇ ಮಿಕ್ಸರ್ ನಿಲ್ಲಿಸಿದಳು.

"ನಂಗ ಅಲ್ಲಿ ಕೂಡೋದು ಸೇರ್ತದ," ಎಂದಳು ಅನಘಾ. "ಒಂದ ಲೆಕ್ಕ ವಾರಗಟ್ಟಲೆ ತಲ್ಯಾಗ ಇರ್ತದ. ಸಾಲ್ಯಾಗ ಹಂಗ ಆಗಂಗಿಲ್ಲ."

ಆ ಮುಖ ನೋಡಿದ ಮೇಲೆ ಬೇಡವೆನ್ನಲು ಆಗಲಿಲ್ಲ. ನಾಚಿಕೆ ಬಿಟ್ಟು ನನ್ನ ಕಥೆಯನ್ನೂ ಹೇಳಿದೆ. ಎಷ್ಟು ಮಾರ್ಕ್ಸು ಬಂದಿತ್ತು ಎಂದು ಕೇಳಿದಳು. ನೂರಕ್ಕೆ ಹನ್ನೊಂದು ಎಂದೆ. ಅವಳು ಅಗತ್ಯಕ್ಕಿಂತ ಬಹಳ ಹೊತ್ತು ನಕ್ಕಳು. "ಹನ್ನೊಂದಾ?" ಎಂದು ಅಡುಗೆಮನೆಯಿಂದ ಕೇಳಿಸಿತು.

ಮರುಪರೀಕ್ಷೆಯಲ್ಲಿ ಅನಘಾ ಪಾಸಾದಳು, ಮೂರು ಬಂತು. ಇಲ್ಲಿ ಒಂದು ಬಂದರೆ ಅತ್ಯುತ್ತಮ, ನಾಲ್ಕಾದರೆ ಹೇಗೋ ಪಾಸು. ಮೂರೆಂದರೆ ನಡುವಿನದು, ಮರ್ಯಾದಸ್ಥ. ಅವಳು ಕುಣಿಯಲಿಲ್ಲ, ಮುಂದಿನ ಸೆಮಿಸ್ಟರಿಗೆ ಹೆಸರು ಹಚ್ಚಿ ಬಂದಳು. ಆ ಭಾನುವಾರ ಅಣ್ಣ ಫೋನಿನಲ್ಲಿ, ಎಷ್ಟು ಬಂತೋ ಎಂದು ಕೇಳಿದ. ಮೂರು ಎಂದೆ.

"ಇಡೀ ವಿಶ್ವವಿದ್ಯಾಲಯಕ್ಕ ಮೂರನೇ ರ‍್ಯಾಂಕಾ?" ಎಂದ ಅಣ್ಣ. ಅವನ ದನಿ ಗದ್ಗದವಾಗಿತ್ತು.

ಅನಘಾ ಎದುರಿಗೇ ಕೂತು ನನ್ನನ್ನು ನೋಡುತ್ತಿದ್ದಳು. ನಾನು, "ಲೈನ್ ಸರಿ ಇಲ್ಲಣ್ಣಾ, ಏನೂ ಕೇಳಸವಲ್ದು, ಆಮ್ಯಾಲೆ ಮಾಡ್ತೀನಿ" ಎಂದು ಫೋನಿಟ್ಟೆ. ಲೈನು ಎಷ್ಟು ಸ್ವಚ್ಛವಾಗಿತ್ತೆಂದರೆ, ಹುಬ್ಬಳ್ಳಿಯ ಅವರ ಮನೆಯಲ್ಲಿ ಕುಕ್ಕರ್ ಕೂಗಿದ್ದೂ ಕೇಳಿಸಿತ್ತು.